ಗುಡ್ಡ ಸುಮ್ಮನೈತಿ

ಸುರಿಪಾದ, ಬಳ್ಳಾರಿ ಸೀಮೆ
೨೧೨೨ನೇ ಇಸವಿ, ಫೆಬ್ರವರಿ ೩೦

ಪೂಜ್ಯ ಮುತ್ತಜ್ಜಿ ಪಂಪಾವತಿಯವರಿಗೆ, ಅದೇ ಹೆಸರಿನ ಮರಿಮೊಮ್ಮಗಳು ಪಂಪಾವತಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ, ತಪ್ಪಿ ಬರೆದದ್ದಲ್ಲ. ನೀವು ಹೋದ ಮೇಲೆ ಯಾರೋ ಪುಣ್ಯಾತ್ಮರು ಹನ್ನೆರಡು ತಿಂಗಳನ್ನೂ ಮೂವತ್ತು ದಿನಕ್ಕೆ ಸಮ ಮಾಡಿ, ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಹೊಲಿದುಬಿಟ್ಟರು. ಹಾಗಾಗಿ ನಿಮಗೆ ಇಲ್ಲದ ಫೆಬ್ರವರಿ ಮೂವತ್ತು ನಮಗಿದೆ. ನಿಮ್ಮ ಪಂಚಾಂಗದಲ್ಲೇ ಇಲ್ಲದ ದಿನವಾದ್ದರಿಂದ ಆವತ್ತು ಹಿರಿಯರನ್ನು ಬೈದರೆ ದೋಷ ತಟ್ಟುವುದಿಲ್ಲ ಎಂದು ನಮ್ಮ ಕಡೆ ಒಂದು ರೂಢಿ ಬಿದ್ದಿದೆ. ಮನೆಗೊಬ್ಬರಾದರೂ ಸತ್ತ ಹಿರಿಯರಿಗೆ ಒಂದು ಕಾಗದ ಬರೆಯುತ್ತಾರೆ. ಅದು ಹಿಂದಕ್ಕೆ ಹೋಗುವ ಓಲೆ, ಆದ್ದರಿಂದ ಹಿಂದೋಲೆ. ಹೆಚ್ಚಿನವರು ‘ಬಾವಿಗೆ ಕಸ ತುಂಬಿ ಹೋದಿರಲ್ಲ’, ‘ಇದ್ದೊಂದು ಹುಣಸೆಮರ ಕಡಿದು ಹೋದಿರಲ್ಲ’ ಎಂದು ನಾಲ್ಕು ಸಾಲು ಗೀಚಿ, ನಕ್ಕು, ಮಣ್ಣಲ್ಲಿ ಹೂತು ಊಟಕ್ಕೆ ಕೂರುತ್ತಾರೆ. ನಾನು ಮೂವತ್ತೊಂಬತ್ತು ವರ್ಷ ವಯಸ್ಸಿನವಳು, ಇದುವರೆಗೆ ನಿಮಗೆ ಒಂದೂ ಹಿಂದೋಲೆ ಬರೆದಿರಲಿಲ್ಲ. ನಿಮ್ಮನ್ನು ಬೈಯುವುದಕ್ಕೆ ನನ್ನ ಬಳಿ ಕಾರಣವೇ ಇರಲಿಲ್ಲ.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ಗೊತ್ತಾಗದಿರಬಹುದಾದ ಶಬ್ದಕ್ಕೆ ಅಲ್ಲಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಪತ್ರದ ಮೊದಲಿಗೆ ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆಯುವುದು ನಿಮ್ಮ ಹಿರಿಯರ ಪದ್ಧತಿಯಾಗಿತ್ತೆಂದು ನಿಮ್ಮ ಪುಸ್ತಕದಲ್ಲೇ ಓದಿದೆ. ಆ ಸಾಲನ್ನು ನಾನು ಬರೆದಿಲ್ಲ. ಮರೆತು ಬಿಟ್ಟದ್ದಲ್ಲ.

ನಾವಿರುವ ಊರು ನಿಮ್ಮ ಕಾಲದಲ್ಲಿ ಊರಾಗಿರಲಿಲ್ಲ. ಗಣಿಯವರು ಅದಿರು ತೆಗೆದುಕೊಂಡು, ಬೇಡದ ಕೆಮ್ಮಣ್ಣನ್ನು ಲಾರಿಗಟ್ಟಲೆ ತಂದು ಸುರಿದ ರಾಶಿ ಅದು. ನಲವತ್ತು ವರ್ಷ ಸುರಿದ ಮೇಲೆ ರಾಶಿಯೇ ಗುಡ್ಡವಾಯಿತು. ಗಣಿ ಮುಚ್ಚಿತು, ಲಾರಿಗಳು ಹೋದವು, ಗುಡ್ಡ ಉಳಿಯಿತು. ಅದನ್ನು ನಾವು ಸುರಿಗುಡ್ಡ ಎನ್ನುತ್ತೇವೆ. ಅದರ ಬುಡದಲ್ಲಿ ನಿಂತ ಊರು ಸುರಿಪಾದ. ಬೇರು ಮಣ್ಣನ್ನು ಹಿಡಿಯಲಿ ಎಂದು ಗುಡ್ಡದ ಮೈತುಂಬ ಕತ್ತಾಳೆ ನೆಟ್ಟಿದ್ದಾರೆ. ಊರಿನ ಅರ್ಧ ಜನ ಆ ಕತ್ತಾಳೆಯ ನಾರು ಬಿಡಿಸಿ ಹಗ್ಗ ಹೊಸೆಯುತ್ತಾರೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಿಸಿಲುಮುಚ್ಚು. ಆ ಹೊತ್ತಿನಲ್ಲಿ ಶಾಲೆ, ಅಂಗಡಿ, ಕಚೇರಿ ಎಲ್ಲ ಬಾಗಿಲು ಹಾಕುತ್ತವೆ, ಜನ ಮನೆಯೊಳಗೆ ಒದ್ದೆ ಪರದೆ ಇಳಿಬಿಟ್ಟು ಮಲಗುತ್ತಾರೆ. ಹೊರಗೆ ತಿರುಗುವವನಿಗೆ ಒಂದೋ ಹುಚ್ಚು, ಇಲ್ಲವೇ ಪ್ರೀತಿ ಎಂದು ನಗೆಯಾಡುತ್ತೇವೆ. ಮದುವೆಯ ಅಕ್ಷತೆ ಬೆಳಗಿನ ಏಳರೊಳಗೆ ಬಿದ್ದುಬಿಡಬೇಕು. ಒಂದು ಬಕೆಟ್ ನೀರು ಮೊದಲು ಮೈಗೆ, ಆಮೇಲೆ ಬಟ್ಟೆಗೆ, ಕೊನೆಗೆ ಕತ್ತಾಳೆಗೆ. ಜೋಳದ ರೊಟ್ಟಿ ಮಾತ್ರ ನಿಮ್ಮ ಕಾಲದಲ್ಲಿದ್ದ ಹಾಗೇ ಇದೆ, ಅದನ್ನು ಬಡಿಯುವ ಸದ್ದೂ ಹಾಗೇ ಇದೆ.

ನೀವು ಈ ಗುಡ್ಡದಲ್ಲಿ ಹುಗಿಸಿದ ಯಂತ್ರಗಳಿಗೆ ನಿಮ್ಮ ಕಡತದಲ್ಲಿ ಏನೋ ಉದ್ದನೆಯ ಹೆಸರಿದೆ. ನಮ್ಮ ಬಾಯಲ್ಲಿ ಅವು ಕಿವಿಗೂಟಗಳು. ಮೊಣಕೈಯುದ್ದದ ಕೊಳವೆ, ಒಳಗೆ ಬೆರಳುದ್ದದ ನಾಲ್ಕು ಬ್ಯಾಟರಿ, ಮಣ್ಣು ವಾಲಿತೇ ಎಂದು ನೋಡುವ ಒಂದು ಚಿಪ್, ಒಂದು ಪುಟ್ಟ ರೇಡಿಯೋ. ಇಂಥವು ಇನ್ನೂರ ಹನ್ನೆರಡು. ತಂತಿ ಎಂಬುದಿಲ್ಲ. ಮೇಲಿನ ಗೂಟ ಹೇಳಿದ್ದನ್ನು ಕೆಳಗಿನದು ಕೇಳಿ, ಅದು ತನ್ನ ಕೆಳಗಿನದಕ್ಕೆ ಹೇಳಿ, ಕಟ್ಟಡದ ಕೆಲಸದವರು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದ ಹಾಗೆ ಮಾತು ಇಳಿಯುತ್ತ ಬಂದು ಆಲಿಕೆ ಮನೆ ತಲುಪುತ್ತದೆ. ಆಲಿಕೆ ಮನೆ ಎಂದರೆ ಊರಿನ ಎತ್ತರದಲ್ಲಿರುವ ಒಂದು ಕೋಣೆ. ಅಲ್ಲಿ ಕೂತು ಗುಡ್ಡದ ಮಾತು ಕೇಳುವವಳು ಆಲಿಕೆಯವಳು. ಮೊದಲ ಆಲಿಕೆಯವಳು ನಿಮ್ಮ ಮಗಳು, ಆಮೇಲೆ ಮೊಮ್ಮಗಳು, ಅವಳಾದ ಮೇಲೆ ನಾನು. ನೀವು ಮಾಡಿಟ್ಟ ಕಿವಿಗೆ ನಿಮ್ಮ ವಂಶದವರೇ ಕಾವಲು ಎಂದು ಊರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. ನಾನೂ ಹೇಳಿಕೊಳ್ಳುತ್ತಿದ್ದೆ, ಸುಳ್ಳೇಕೆ.

ಕೆಲಸ ದೊಡ್ಡದೇನಲ್ಲ. ಬೆಳಿಗ್ಗೆ ಎಂಟಕ್ಕೆ ಆಲಿಕೆ ಮನೆಯ ಪರದೆ ನೋಡಬೇಕು. ಯಾವ ಗೂಟವೂ ಕೂಗಿಲ್ಲವೆಂದರೆ ಕಟ್ಟೆಯ ಮೇಲೆ ನಿಂತು ಊರಿಗೆ ಕೇಳುವಂತೆ ‘ಗುಡ್ಡ ಸುಮ್ಮನೈತಿ!’ ಎಂದು ಸಾರಬೇಕು. ಕೆಳಗೆ ಅಂಗಳ ಗುಡಿಸುವವರು, ನಾರು ನೆನೆಹಾಕುವವರು, ಮಕ್ಕಳ ಜಡೆ ಹೆಣೆಯುವವರು ಇದ್ದಲ್ಲಿಂದಲೇ ‘ಸುಮ್ಮನಿರಲಿ!’ ಎನ್ನುತ್ತಾರೆ. ಅಲ್ಲಿಗೆ ದಿನ ಶುರು. ನಿಮ್ಮ ವಿನ್ಯಾಸದ ಜಾಣತನವೇ ಅದು ಎಂದು ನಮ್ಮಮ್ಮ ನನಗೆ ಕಲಿಸಿದ್ದಳು. ಮಣ್ಣು ಅಲುಗಿದರೆ ಮಾತ್ರ ಗೂಟ ಕೂಗುತ್ತದೆ. ಅಲುಗದಿದ್ದರೆ ಒಂದು ಉಸಿರೂ ಪೋಲು ಮಾಡುವುದಿಲ್ಲ. ಆದ್ದರಿಂದಲೇ ಅದರ ಆಯುಸ್ಸು ನೂರು ವರ್ಷ. ನೂರು ವರ್ಷ ಬಾಳುವ ಬ್ಯಾಟರಿಯ ಯಂತ್ರ ಮಾಡಿದವಳು ನಮ್ಮ ಮುತ್ತಜ್ಜಿ ಎಂದು ಶಾಲೆಯಲ್ಲಿ ನಾನು ಎಷ್ಟು ಸಲ ಎದ್ದು ನಿಂತು ಹೇಳಿದ್ದೇನೋ ಲೆಕ್ಕವಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಗೆ ಮೇಷ್ಟ್ರು ಉದಾಹರಣೆ ಕೊಡುತ್ತಿದ್ದದ್ದು ನಿಮ್ಮ ಗೂಟಗಳನ್ನೇ.

ಮೊದಮೊದಲು ಗೂಟಗಳು ಕೂಗಿದ್ದೂ ಉಂಟು. ೨೦೫೮ರಲ್ಲಿ ಕೂಗಿ ಒಂದು ಕೇರಿಯನ್ನೇ ಉಳಿಸಿದವು. ಕಡೆಯ ಕೂಗು ಬಂದದ್ದು ೨೦೯೪ರಲ್ಲಿ, ನನಗಾಗ ಹನ್ನೊಂದು ವರ್ಷ. ಅಲ್ಲಿಂದೀಚೆಗೆ ಒಂದು ಪಿಟ್ಟೂ ಇಲ್ಲ. ಗುಡ್ಡ ಕೊನೆಗೂ ಕೂತಿತು, ಗಟ್ಟಿಯಾಯಿತು ಎಂದುಕೊಂಡೆವು. ಇಪ್ಪತ್ತೈದು ವರ್ಷ ತುಂಬಿದಾಗ ಹೋಳಿಗೆ ಮಾಡಿ ಊರಿಗೆಲ್ಲ ಹಂಚಿ, ಮೌನದ ಬೆಳ್ಳಿಹಬ್ಬ ಎಂದು ಆಚರಿಸಿದೆವು. ನೀವು ನಗಬಹುದು. ಅದೇ ವರ್ಷ ಗುಡ್ಡದ ಬುಡಕ್ಕೆ ಇನ್ನೂ ಹತ್ತಿರದಲ್ಲಿ ಹೊಸ ಮನೆಗಳಿಗೆ ಜಾಗ ಬಿಟ್ಟುಕೊಟ್ಟರು. ಅದು ಕೆಳಗೇರಿ. ಜಾಗ ಕೊಡಬಹುದು, ಗುಡ್ಡ ಸುಮ್ಮನಿದೆ ಎಂದು ಊರಸಭೆಗೆ ಬರೆದುಕೊಟ್ಟ ಚೀಟಿಯಲ್ಲಿ ಇರುವ ಸಹಿ ನನ್ನದು. ಕೆಳಗೇರಿಯ ಮೊದಲ ಮನೆ ನನ್ನ ತಂಗಿ ಹುಲಿಗೆಮ್ಮನದು.

ಹುಲಿಗೆಮ್ಮ ನನಗಿಂತ ಆರು ವರ್ಷ ಚಿಕ್ಕವಳು. ಹೊಸೆದ ಹಗ್ಗವನ್ನು ಬೆರಳಲ್ಲಿ ಮುಟ್ಟಿ ನೋಡಿ, ಎಷ್ಟು ತೂಕಕ್ಕೆ ಹರಿಯುತ್ತದೆ ಎಂದು ಹೇಳಬಲ್ಲವಳಾಗಿದ್ದಳು. ನನ್ನ ಹಾಗೆ ಯಂತ್ರ ನಂಬಿದವಳಲ್ಲ. ಆದರೆ ನನ್ನನ್ನು ನಂಬಿದ್ದಳು. ಕಳೆದ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಕೈಯಲ್ಲಿ ಜೋಳದ ಹಿಟ್ಟು ಇದ್ದ ಹಾಗೇ ಆಲಿಕೆ ಮನೆಗೆ ಹತ್ತಿ ಬಂದಳು. ನಾನು ಆಗಷ್ಟೇ ಕೂಗಿ ಇಳಿದಿದ್ದೆ. ‘ಅಕ್ಕಾ, ರೊಟ್ಟಿ ಬಡಿಯೋದು ನಿಲ್ಲಿಸಿದ್ರೂ ಗೂಡಿನಾಗಿನ ತಾಟು ತಾವೇ ಗಿಣಿಗಿಣಿ ಅನ್ನಾಕತ್ತಾವು. ಮೂರು ದಿನ ಆತು. ಗುಡ್ಡದಾಗ ಏನೋ ಆಗಾಕತ್ತೈತಿ, ಒಂದ್ಸಲ ನೋಡು’ ಎಂದಳು. ನಾನು ಪರದೆ ತೋರಿಸಿದೆ. ಇನ್ನೂರ ಹನ್ನೆರಡು ಗೂಟದಲ್ಲಿ ಒಂದೂ ಕೂಗಿರಲಿಲ್ಲ. ಅವಳು ಅದನ್ನು ನೋಡಿ, ನನ್ನ ಮುಖ ನೋಡಿದಳು. ಆಗ ನಾನು ಆಡಿದ ಮಾತು ಹೇಳುತ್ತೇನೆ, ಕೇಳಿ: ‘ನಿನ್ನ ಕಿವಿ ದೊಡ್ಡದೋ, ಮುತ್ತಜ್ಜಿ ಕಿವಿ ದೊಡ್ಡದೋ? ಹೋಗು, ರೊಟ್ಟಿ ಸೀದು ಹೋಗ್ತಾವು.’

ಅವಳು ನಕ್ಕಳು. ‘ಆತು ಬಿಡವ್ವ, ನೀ ಅಂದ ಮ್ಯಾಲೆ ಆತು’ ಎಂದು ಹಿಟ್ಟಿನ ಕೈಯನ್ನು ನನ್ನ ಕೆನ್ನೆಗೆ ಒರೆಸಿ ಇಳಿದು ಹೋದಳು. ಮಧ್ಯಾಹ್ನ ಹನ್ನೆರಡೂವರೆಗೆ, ಬಿಸಿಲುಮುಚ್ಚಿನಲ್ಲಿ ಕೇರಿಗೆ ಕೇರಿಯೇ ಬಾಗಿಲು ಹಾಕಿ ಮಲಗಿದ್ದಾಗ, ಸುರಿಗುಡ್ಡದ ಪಡುವಣ ಮೈ ಜಾರಿತು. ಕೆಳಗೇರಿಯ ಐದು ಮನೆ, ಹನ್ನೆರಡು ಜನ. ಹುಲಿಗೆಮ್ಮ ಸಿಕ್ಕಿದ್ದು ಎರಡನೆಯ ದಿನ. ಆ ಗದ್ದಲದಲ್ಲಿ ಓಡಿ ಬಂದು ಪರದೆ ನೋಡಿದೆ. ಅರ್ಧ ಗುಡ್ಡ ಬಿದ್ದ ಮೇಲೂ ಅದರಲ್ಲಿ ಒಂದೇ ಒಂದು ಕೂಗು ಬಂದಿರಲಿಲ್ಲ.

ಮೊದಲ ಎರಡು ತಿಂಗಳು ನಾನು ನಿಮ್ಮ ಪರವಾಗಿಯೇ ವಾದಿಸಿದೆ. ಯಂತ್ರ ತಾನೇ, ತೊಂಬತ್ತು ವರ್ಷ ದುಡಿದಿದೆ, ಮುಪ್ಪಿನಿಂದ ಸತ್ತಿದೆ ಎಂದೆ. ಪಾಪ, ನೂರು ಮುಟ್ಟಲು ಹತ್ತೇ ವರ್ಷ ಕಡಿಮೆ ಬಿತ್ತು ಎಂದೆ. ಆಮೇಲೆ ಎರ್ರಿಸ್ವಾಮಿ ಮಣ್ಣಿನಿಂದ ಮೂವತ್ತೊಂದು ಗೂಟಗಳನ್ನು ಹೆಕ್ಕಿ ತಂದ. ನಮ್ಮೂರಿನಲ್ಲಿ ಕೆಟ್ಟ ಯಂತ್ರ ರಿಪೇರಿ ಮಾಡುವವನು ಅವನೊಬ್ಬನೇ, ಅರವತ್ತರ ಮುದುಕ, ಮಾತು ಕಡಿಮೆ. ಒಂದೊಂದನ್ನೇ ಕೊಯ್ದು ಬ್ಯಾಟರಿ ಅಳೆದು, ಎಂಬತ್ತೆಂಟನೆಯ ಸಂಖ್ಯೆ ಕೊರೆದಿದ್ದ ಗೂಟವನ್ನು ನನ್ನ ಮುಂದೆ ಇಟ್ಟು ಹೇಳಿದ: ‘ಪಂಪಕ್ಕ, ಇವು ಸತ್ತಿಲ್ಲ. ಅರ್ಧಕ್ಕಿಂತ ಹೆಚ್ಚು ಜೀವ ಐತಿ ಇನ್ನಾ.’

ಆ ಗೂಟದ ಒಳಗೆ ಒಂದು ಪುಟ್ಟ ನೆನಪಿನ ಗೂಡು ಇದೆಯಷ್ಟೆ, ನೀವೇ ಇಟ್ಟದ್ದು. ಗೂಟ ಎಷ್ಟು ಸಲ ಬಿದ್ದು ಮತ್ತೆ ಮೊದಲಿನಿಂದ ಎದ್ದಿತು ಎಂದು ಅದು ಎಣಿಸಿಡುತ್ತದೆ. ತೊಂಬತ್ತು ವರ್ಷದಲ್ಲಿ ಆ ಎಣಿಕೆ ಎರಡೇ ಎರಡು. ಕಡೆಯ ಮೂರು ದಿನದಲ್ಲಿ ನಾನೂರ ಹದಿನೇಳು. ಎರ್ರಿಸ್ವಾಮಿ ಅದರ ಅರ್ಥ ಬಿಡಿಸಿ ಹೇಳಿದ. ಮಣ್ಣು ವಾಲಿದ್ದು ಗೂಟಕ್ಕೆ ಗೊತ್ತಾಗಿದೆ. ಎದ್ದಿದೆ. ಕೂಗಲು ಬಾಯಿ ತೆರೆದಿದೆ. ಬ್ಯಾಟರಿಯಿಂದ ಒಮ್ಮೆಲೇ ಬಲ ಬಂದಿಲ್ಲ, ಅಲ್ಲೇ ಕುಸಿದಿದೆ. ಮತ್ತೆ ಎದ್ದಿದೆ, ಮತ್ತೆ ಬಾಯಿ ತೆರೆದಿದೆ, ಮತ್ತೆ ಕುಸಿದಿದೆ. ಹುಲಿಗೆಮ್ಮನ ಮನೆಯ ತಾಟು ಗಿಣಿಗಿಣಿ ಅನ್ನುತ್ತಿದ್ದ ಆ ಮೂರು ದಿನ ಇದು ಮೇಲೆ ನಾನೂರ ಹದಿನೇಳು ಸಲ ಅವಳನ್ನು ಎಚ್ಚರಿಸಲು ನೋಡಿದೆ. ನಾನು ಮಾತ್ರ ದಿನಾ ಎಂಟಕ್ಕೆ ಕಟ್ಟೆ ಹತ್ತಿ ಗುಡ್ಡ ಸುಮ್ಮನಿದೆ ಎಂದು ಸಾರಿದ್ದೇನೆ.

ಹೀಗೇಕಾಯಿತು ಎಂದು ತಿಳಿಯಲು ನಿಮ್ಮ ಪೆಟ್ಟಿಗೆ ತೆಗೆಸಿದೆ. ನಮ್ಮ ಮನೆಯಲ್ಲಿ ಅದಕ್ಕೆ ದಸರೆಯ ದಿನ ಪೂಜೆ ಆಗುತ್ತಿತ್ತೇ ಹೊರತು ಯಾರೂ ತೆರೆದು ಓದಿದವರಲ್ಲ. ಹಸಿರು ರಟ್ಟಿನ ಪುಸ್ತಕ, ನಿಮ್ಮ ದುಂಡನೆಯ ಅಕ್ಷರ. ಮೊದಲ ಪುಟಗಳನ್ನು ಓದುತ್ತ ನಿಮ್ಮ ಮೇಲೆ ಪ್ರೀತಿ ಹೆಚ್ಚೇ ಆಯಿತು. ರೇಡಿಯೋಗೆ ಕೂಗುವುದಕ್ಕಿಂತ ಕಿವಿ ತೆರೆದು ಕಾಯುವುದಕ್ಕೇ ಹೆಚ್ಚು ಖರ್ಚು, ಆದ್ದರಿಂದ ಎಲ್ಲ ಗೂಟಗಳೂ ಒಂದೇ ಗಳಿಗೆಯಲ್ಲಿ ಕಣ್ಣು ಪಿಳುಕಿಸಿ ಮಲಗಬೇಕು ಎಂದು ಎಷ್ಟು ಚೆನ್ನಾಗಿ ಯೋಚಿಸಿದ್ದಿರಿ. ಆಮೇಲೆ ‘ಕ್ಷೇಮಪತ್ರ’ ಎಂಬ ಪುಟ ಬಂತು. ನಿಮ್ಮ ತಾತ ಲಾರಿಯ ಮೇಲೆ ಊರೂರು ತಿರುಗುತ್ತ ಮನೆಗೆ ಹಾಕುತ್ತಿದ್ದ ಕಾರ್ಡಿನಲ್ಲಿ ಸುದ್ದಿಯೇ ಇರುತ್ತಿರಲಿಲ್ಲ, ‘ಇಲ್ಲಿ ಕ್ಷೇಮ’ ಎಂದಷ್ಟೇ ಇರುತ್ತಿತ್ತು ಎಂದು ಬರೆದಿದ್ದೀರಿ. ‘ಕಾರ್ಡು ಬಂದರೆ ಅಜ್ಜಿ ಓದುತ್ತಲೂ ಇರಲಿಲ್ಲ. ಬರದಿದ್ದರೆ ಮಾತ್ರ ಸೆರಗು ಕಟ್ಟಿ ಬಸ್ಸು ಹತ್ತುತ್ತಿದ್ದಳು. ಗೂಟಕ್ಕೂ ಹಾಗೇ. ದಿನಕ್ಕೊಮ್ಮೆ ಒಂದೇ ಮಾತು: ಇದ್ದೇನೆ. ಅದು ಬರದ ದಿನ ಹುಡುಕಿಕೊಂಡು ಹೋಗಬೇಕು.’ ಇದು ನಿಮ್ಮದೇ ವಾಕ್ಯ. ಅದನ್ನು ಓದಿ ನಾನು ಪುಸ್ತಕವನ್ನು ಕಣ್ಣಿಗೊತ್ತಿಕೊಂಡೆ, ಮುತ್ತಜ್ಜಿ.

ಪುಟ ತಿರುಗಿಸಿದೆ. ಅಲ್ಲಿ ಕ್ಷೇಮಪತ್ರವನ್ನು ಗೂಟಕ್ಕೆ ಅಳವಡಿಸುವ ಬಗೆ ಬರೆದಿತ್ತು, ಆ ಇಡೀ ಪುಟಕ್ಕೆ ಗೀಟು ಎಳೆದಿತ್ತು.

ಇಲ್ಲಿಂದ ಮುಂದೆ ನಿನ್ನನ್ನು ಏಕವಚನದಲ್ಲಿ ಕರೆಯುತ್ತೇನೆ. ನಮ್ಮ ಭಾಷೆಯಲ್ಲಿ ಅಕ್ಕರೆಗೂ ಕೋಪಕ್ಕೂ ಒಂದೇ ಏಕವಚನ. ಇದು ಯಾವುದು ಎಂದು ನೀನೇ ತಿಳಿದುಕೋ.

ಯಾಕೆ ಗೀಟು ಎಳೆದೆ ಎಂಬುದನ್ನೂ ನೀನೇ ಬರೆದಿದ್ದೀಯ. ಎಲ್ಲ ಗೂಟಗಳ ಕ್ಷೇಮಪತ್ರವೂ ಆಲಿಕೆ ಮನೆಯ ಬಳಿಯ ಏಳು ಗೂಟಗಳ ಮೂಲಕವೇ ದಾಟಬೇಕು. ಊರಬಾಗಿಲ ಮನೆಯವರು ಬಂದುಹೋಗುವವರಿಗೆಲ್ಲ ನೀರು ಕೊಟ್ಟು ಸುಸ್ತಾಗುವ ಹಾಗೆ ಆ ಏಳರ ಬ್ಯಾಟರಿ ಇಪ್ಪತ್ತೆಂಟೇ ವರ್ಷಕ್ಕೆ ಮುಗಿಯುತ್ತದೆ. ಆದರೆ ಕೆಲಸ ಕೊಟ್ಟವರು ಬೇಡಿದ್ದು ನೂರು. ಕ್ಷೇಮಪತ್ರ ತೆಗೆದುಹಾಕಿದರೆ ನೂರು ಮುಟ್ಟುತ್ತದೆ. ಇಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿ ಸಹಿಸುತ್ತಿದ್ದೆ. ತಿಳಿಯದೆ ಮಾಡಿದೆ ಎಂದುಕೊಳ್ಳುತ್ತಿದ್ದೆ. ಅದರ ಮುಂದಿನ ಪುಟವೇ ನನ್ನನ್ನು ಕೊಂದದ್ದು. ಹನ್ನೊಂದು ತಿಂಗಳು ಮಲಗಿಸಿಟ್ಟಿದ್ದ ಮೂರು ಗೂಟಗಳನ್ನು ಒಮ್ಮೆಲೇ ಎಬ್ಬಿಸಿ ಕೂಗಲು ಹೇಳಿದ್ದೀಯ. ಮೂರರಲ್ಲಿ ಎರಡು ಕುಸಿದು ಬಿದ್ದಿವೆ. ‘ಬಹಳ ದಿನ ಸುಮ್ಮನಿದ್ದ ಬ್ಯಾಟರಿಯ ಒಳಗೆ ಪೊರೆ ಕಟ್ಟುತ್ತದೆ. ಹೊತ್ತುಹೊತ್ತಿಗೆ ಒಂದಿಷ್ಟು ಕೆಲಸ ಕೊಟ್ಟರೆ ಪೊರೆ ಒಡೆಯುತ್ತಿರುತ್ತದೆ. ಕ್ಷೇಮಪತ್ರ ತೆಗೆದರೆ ಇದಕ್ಕೇನು ದಾರಿ?’ ಎಂದು ಕೇಳಿಕೊಂಡಿದ್ದೀಯ. ಹನ್ನೊಂದು ತಿಂಗಳಿಗೇ ಗಂಟಲು ಕಟ್ಟಿದ್ದನ್ನು ಕಣ್ಣಾರೆ ಕಂಡೆ, ನಮಗೆ ಇಪ್ಪತ್ತೇಳು ವರ್ಷದ ಮೌನ ಕೊಟ್ಟೆ.

ಅಂದರೆ ದಿನಕ್ಕೊಂದು ಸಲ ‘ಇದ್ದೇನೆ’ ಅನ್ನುವುದು ನಮಗೆ ಧೈರ್ಯ ಹೇಳಲು ಮಾತ್ರ ಇದ್ದದ್ದಲ್ಲ. ಆ ಮಾತೇ ಗೂಟದ ಗಂಟಲನ್ನು ಕಾಪಾಡುತ್ತಿತ್ತು. ನಿನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಪ್ರಶ್ನೆಯ ಕೆಳಗೆ ಉತ್ತರ ಬರೆಯಲಿಲ್ಲ. ಬರೆದದ್ದು ಒಂದು ಗಾದೆ: ‘ಮೌನಂ ಸಮ್ಮತಿ ಲಕ್ಷಣಂ.’ ಪಕ್ಕದಲ್ಲಿ ನಗುವ ಮುಖದ ಚಿತ್ರ. ಹೆಣ್ಣು ನೋಡಲು ಬಂದ ಮನೆಯಲ್ಲಿ ಹುಡುಗಿ ತಲೆ ತಗ್ಗಿಸಿ ಕೂತರೆ ಹಿರಿಯರು ಆಡುವ ಮಾತು ಅದು. ಬಾಯಿಬಿಡದ ಹುಡುಗಿಗೆ ಒಪ್ಪಿಗೆ ಇದೆ ಎಂದುಕೊಂಡು ಎಷ್ಟು ಮನೆ ಹಾಳಾಗಿವೆ ಎಂದು ನಿನ್ನ ಕಾಲದ ಹೆಂಗಸಿಗೆ ನಾನು ಹೇಳಿಕೊಡಬೇಕೇ? ಸುಮ್ಮನಿದ್ದವನು ಸುಖವಾಗಿರಬಹುದು, ಸತ್ತಿರಬಹುದು, ಬಾಯಿಗೆ ಬಟ್ಟೆ ತುರುಕಿಸಿಕೊಂಡು ಒದ್ದಾಡುತ್ತಲೂ ಇರಬಹುದು. ಮೂರನ್ನೂ ನೀನು ಒಂದೇ ಮಾಡಿಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಕೆಲಸ ಕೊಟ್ಟವರನ್ನು ಬೈದು ನಿನ್ನನ್ನು ಬಿಟ್ಟುಬಿಡೋಣ ಎಂದೂ ನೋಡಿದೆ. ನೂರು ವರ್ಷ ಎಂದು ಕೇಳಿದವರು ಅವರು, ತಪ್ಪು ಅವರದೂ ಇದೆ. ಆ ತಿಂಗಳು ನಿನ್ನ ಕೂಸಿಗೆ ಜ್ವರ ಬಿಟ್ಟಿರಲಿಲ್ಲ ಎಂದು ಅಂಚಿನಲ್ಲಿ ಗುರುತು ಹಾಕಿದ್ದೀಯ. ಆ ಕೂಸೇ ನನ್ನ ಅಜ್ಜಿ. ನನಗೆ ಅಯ್ಯೋ ಅನ್ನಿಸಿತು. ಆದರೆ ಅದೇ ಅಂಚಿನ ಕೆಳಗೆ, ಯಾರೊಂದಿಗೋ ಚಹಾ ಕುಡಿಯುತ್ತ ಆಡಿದ ಮಾತನ್ನು ನೆನಪಿಗೆಂದು ಬರೆದುಕೊಂಡ ಹಾಗೆ, ಮನೆಮಾತಿನಲ್ಲಿ ಒಂದು ಸಾಲು ಇದೆ. ‘ನೂರು ವರ್ಷ ಆದಮ್ಯಾಲೆ ಕೇಳಾಕ ಯಾರಿರ್ತಾರ?’ ಅದರ ಕೆಳಗೆ ನಿನ್ನ ಸಹಿ. ಸಹಿಯೆಂದರೆ ನಿನ್ನ ಹೆಸರು, ನಿನ್ನ ಹೆಸರೆಂದರೆ ನನ್ನ ಹೆಸರು. ಕೆಳಗೇರಿಗೆ ಜಾಗ ಕೊಟ್ಟ ಚೀಟಿಯಲ್ಲೂ ಅದೇ ಹೆಸರು ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ‘ಪ’ ಬರೆಯುವ ಬಗೆಯೂ ಒಂದೇ.

ನಿನ್ನ ತಪ್ಪಿಗೆ ನಾನೂ ಕೈಜೋಡಿಸಿರಬಹುದು, ಅದನ್ನು ಒಪ್ಪುತ್ತೇನೆ. ಅಷ್ಟು ವರ್ಷ ಒಂದು ಮಾತೂ ಆಡದವಳ ಮನೆಗೆ ಹೋಗಿ ಬಾಗಿಲು ತಟ್ಟಿ ಹೇಗಿದ್ದೀಯ ಎಂದು ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ. ನಿನ್ನ ಅಜ್ಜಿ ಬಸ್ಸು ಹತ್ತುತ್ತಿದ್ದಳು. ನಾನು ಹೋಳಿಗೆ ಹಂಚಿದೆ. ಆದರೆ ಹುಲಿಗೆಮ್ಮ ಬಂದು ಹೇಳಿದಳಲ್ಲ, ಹಿಟ್ಟಿನ ಕೈಯಲ್ಲಿ ಬಂದು ಹೇಳಿದಳಲ್ಲ, ಆಗ ನಾನು ನಿನ್ನ ಮಾತನ್ನು ಮೇಲೆ ಇಟ್ಟು ಅವಳ ಮಾತನ್ನು ಕೆಳಗೆ ಇಟ್ಟೆ. ನಿನ್ನ ಮೇಲಿನ ಸಿಟ್ಟು ಅದಕ್ಕೇ ಆರುವುದಿಲ್ಲ. ನೀನು ಸುಳ್ಳು ಹೇಳಿದ್ದರೆ ಅದು ನಿನ್ನ ಪಾಪವಾಗುತ್ತಿತ್ತು. ನೀನು ಸುಮ್ಮನಿದ್ದು, ಸುಳ್ಳನ್ನು ನನ್ನ ಬಾಯಿಂದ ಹೇಳಿಸಿದೆ.

ಆವತ್ತಿನಿಂದ ಹನ್ನೊಂದು ತಿಂಗಳು ನಾನು ಕಟ್ಟೆ ಹತ್ತಿಲ್ಲ. ಎಂಟು ಗಂಟೆಗೆ ಊರು ಒಂದು ಗಳಿಗೆ ಕೈಯ ಕೆಲಸ ನಿಲ್ಲಿಸಿ ಮೇಲೆ ನೋಡುತ್ತದೆ, ಆಮೇಲೆ ತಲೆ ತಗ್ಗಿಸಿ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಅಷ್ಟರಲ್ಲಿ ಎರ್ರಿಸ್ವಾಮಿ ಹೊಸ ಗೂಟಗಳನ್ನು ಕಟ್ಟಿದ. ನಿನ್ನ ಪುಸ್ತಕದ ಗೀಟು ಹೊಡೆದ ಪುಟವನ್ನೇ ಮುಂದಿಟ್ಟುಕೊಂಡು ಕಟ್ಟಿದ. ಅವು ದಿನಕ್ಕೊಂದು ಸಲ ‘ಇದ್ದೇನೆ’ ಅನ್ನುತ್ತವೆ. ಅವುಗಳ ಆಯುಸ್ಸು ಒಂಬತ್ತೇ ವರ್ಷ. ನಮ್ಮ ಈಗಿನ ಬ್ಯಾಟರಿಗಳು ನಿನ್ನವುಗಳಷ್ಟು ಒಳ್ಳೆಯವಲ್ಲ, ಆ ಮಟ್ಟಿಗೆ ನಿನಗೆ ಕೈ ಮುಗಿಯಬೇಕು. ಊರಸಭೆಯಲ್ಲಿ ಒಬ್ಬರು ಎದ್ದು, ನೂರು ವರ್ಷದ್ದು ಇದ್ದಲ್ಲಿ ಒಂಬತ್ತು ವರ್ಷದ್ದು ಯಾಕೆ, ಪ್ರತಿ ಸಲ ಗುಡ್ಡ ಹತ್ತಿ ಇನ್ನೂರ ಹನ್ನೆರಡು ಗುಂಡಿ ತೋಡುವವರು ಯಾರು ಎಂದು ಕೇಳಿದರು. ಎರ್ರಿಸ್ವಾಮಿ ಕೂತಲ್ಲಿಂದಲೇ, ‘ನೂರು ವರ್ಷ ಸುಮ್ಮನಿರಾಕ ಹೆಣಕ್ಕೂ ಬರ್ತೈತಿ’ ಎಂದ. ಒಂಬತ್ತು ವರ್ಷಕ್ಕೊಮ್ಮೆ ಊರಿಗೆ ಊರೇ ಗುಡ್ಡ ಹತ್ತುವುದೆಂದು ತೀರ್ಮಾನವಾಯಿತು. ಹತ್ತಿದವರ ಕಾಲಿಗೆ ಮಣ್ಣು ಹೇಗಿದೆ ಎಂದಾದರೂ ತಿಳಿಯುತ್ತದೆ. ಹತ್ತಲಾರದ ಮುದುಕರು ಕೆಳಗೆ ಅಡುಗೆ ನೋಡಿಕೊಳ್ಳುತ್ತಾರಂತೆ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಆಲಿಕೆಗೆ ಬೇರೆಯವರನ್ನು ಹುಡುಕಿ ಎಂದು ನಾನು ಮೊದಲೇ ಹೇಳಿದ್ದೆ. ಹುಲಿಗೆಮ್ಮನ ಅತ್ತೆ ತಿಪ್ಪಮ್ಮ, ಮಣ್ಣಿನಿಂದ ಬದುಕಿ ಬಂದವಳು, ಸೊಂಟ ನೆಟ್ಟಗಾಗದವಳು, ಕೋಲು ಊರಿ ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡೆ; ಬೈದಿದ್ದರೆ ಹಗುರಾಗುತ್ತಿತ್ತು. ‘ತಪ್ಪು ಕೂಗಿದಾಕಿಗೇ ಗೊತ್ತು ಕೂಗಿನ ಬೆಲೆ. ನೀನೇ ಕೂಗು. ಆದ್ರ ಗುಡ್ಡ ಸುಮ್ಮನೈತಿ ಅಂತ ಇನ್ನ ಮ್ಯಾಲೆ ಅನ್ನಬ್ಯಾಡ. ನನಗ ಅದನ್ನ ಕೇಳಾಕ ಆಗಂಗಿಲ್ಲ’ ಎಂದಳು. ಹಾಗಾಗಿ ಕೂಗನ್ನು ಬದಲಿಸಿದ್ದೇವೆ. ಎಷ್ಟು ಗೂಟ ಇದ್ದೇನೆ ಎಂದವು ಎಂದು ಎಣಿಕೆಯನ್ನೇ ಸಾರುವುದು. ಒಂದು ಕಡಿಮೆ ಬಿದ್ದರೂ ಅದರ ಸಂಖ್ಯೆ ಹೇಳುವುದು, ಇಬ್ಬರು ಆವತ್ತೇ ಹತ್ತಿ ಹೋಗಿ ನೋಡುವುದು. ಊರಿನವರು ಏನು ಉತ್ತರ ಕೊಡಬೇಕೆಂದು ಇನ್ನೂ ಗೊತ್ತಾಗಿಲ್ಲ. ನಾಳೆ ಬೆಳಿಗ್ಗೆ ಮೊದಲ ಕೂಗು. ಹನ್ನೊಂದು ತಿಂಗಳು ಸುಮ್ಮನಿದ್ದ ಗಂಟಲು ಏನಾಗುತ್ತದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ.

ನನ್ನದೊಂದು ಬೇಡಿಕೆ. ಈ ಓಲೆ ನಿನಗೆ ತಲುಪುವುದಿಲ್ಲ ಎಂದು ಗೊತ್ತು, ನಮ್ಮ ಕಾಲದವರಿಗೂ ಅಷ್ಟು ವಿದ್ಯೆ ಬಂದಿಲ್ಲ. ಆದರೂ ಕೇಳುತ್ತೇನೆ. ಕೂಸಿನ ಜ್ವರ ಬಿಡಲಿ, ಚಹಾ ಆರಲಿ, ಕೆಲಸ ಕೊಟ್ಟವರು ಮೇಜು ಕುಟ್ಟಲಿ. ಆ ಪುಟಕ್ಕೆ ಗೀಟು ಎಳೆಯಬೇಡ. ಇಪ್ಪತ್ತೆಂಟು ವರ್ಷವೇ ಆಗುವುದು, ಆಮೇಲೆ ನಿಮ್ಮ ಮಕ್ಕಳು ಗುಡ್ಡ ಹತ್ತಿ ಬ್ಯಾಟರಿ ಬದಲಿಸಬೇಕು ಎಂದು ನಿಜವನ್ನು ಬರೆದುಕೊಡು. ನಾವು ಹತ್ತುತ್ತಿದ್ದೆವು, ಮುತ್ತಜ್ಜಿ. ನಮ್ಮ ಕಾಲಿಗೆ ಬಲವಿತ್ತು. ನಮ್ಮನ್ನು ಕೇಳಿದ್ದರೆ ಸಾಕಾಗಿತ್ತು.

ಈ ಕಾಗದವನ್ನು ಎಂಬತ್ತೆಂಟನೆಯ ಗೂಟದ ಖಾಲಿ ಕೊಳವೆಯೊಳಗೆ ಸುತ್ತಿ, ಹುಲಿಗೆಮ್ಮನ ಮನೆ ಇದ್ದ ಜಾಗದಲ್ಲಿ ಹೂಳುತ್ತೇನೆ. ನಿನ್ನ ಹಸಿರು ಪುಸ್ತಕ ಇನ್ನು ಮೇಲೆ ಪೂಜೆಗೆ ಕೂರುವುದಿಲ್ಲ. ಅದು ಎರ್ರಿಸ್ವಾಮಿಯ ಅಂಗಡಿಯಲ್ಲಿ ಎಲ್ಲರ ಕೈಗೆ ಸಿಗುವ ಹಾಗೆ ಇರುತ್ತದೆ. ಈ ಹೆಸರನ್ನು ಬದಲಿಸಿಕೋ ಎಂದು ಕೆಲವರು ನನಗೆ ಹೇಳಿದರು, ನಾನು ಒಪ್ಪಲಿಲ್ಲ.

ನೂರು ವರ್ಷ ಆದಮೇಲೆ ಕೇಳಲು ಯಾರಿರುತ್ತಾರೆ ಎಂದು ಕೇಳಿದ್ದೆಯಲ್ಲ.

ಇದ್ದೇನೆ.

ಪಂಪಾವತಿ